ಮರಳುದಿಬ್ಬದ ಮೇಲೆ ಹಾಜರಿ

ಮರುಭೂಮಿಯಲ್ಲಿ ನೆರೆ ಬಂದಿತ್ತು ಎಂದರೆ ಕೇಳಿದವರು ಒಮ್ಮೆ ನನ್ನ ಮುಖ ನೋಡುತ್ತಾರೆ. ಬಂದಿತ್ತು. 2006ರ ಆಗಸ್ಟ್ ತಿಂಗಳು, ರಾಜಸ್ಥಾನದ ಬಾರ್ಮೇರ್ ಜಿಲ್ಲೆ. ಇಡೀ ವರ್ಷಕ್ಕೆ ಸುಮಾರು 270-280 ಮಿಲಿಮೀಟರ್ ಮಳೆ ಬಿದ್ದರೆ ದೊಡ್ಡದು ಅನ್ನುವ ಸೀಮೆಯಲ್ಲಿ ಮೂರ್ನಾಲ್ಕು ದಿನಗಳಲ್ಲೇ ಅದರ ದುಪ್ಪಟ್ಟು ಸುರಿಯಿತು. ನಾನು ಆಗ ಅಲ್ಲಿಯ ಒಂದು ಕೇಂದ್ರೀಯ ವಿದ್ಯಾಲಯದಲ್ಲಿ ಪ್ರಾಥಮಿಕ ಶಿಕ್ಷಕಿ. ಗದಗ ಜಿಲ್ಲೆಯ ರೋಣದ ಕಡೆಯವಳು. ಕಪ್ಪು ಮಣ್ಣಿನ ಎರೆ ಬಿಟ್ಟು ಮರಳಿಗೆ ಬಂದು ಆಗಲೇ ಕೆಲವು ವರ್ಷ ಕಳೆದಿದ್ದವು.

ಆ ನೆರೆಯ ಕಥೆ ಹೇಳಬೇಕಾದರೆ ಒಬ್ಬ ಮಾಸ್ತರರಿಂದ ಶುರು ಮಾಡಬೇಕು. ಮಾರವಾಡದ ಹಳ್ಳಿಗಳಲ್ಲಿ ಮಾಸ್ತರರನ್ನು ‘ಮಾಡ್‌ಸಾಬ್’ ಎಂದು ಕರೆಯುತ್ತಾರೆ. ಇವರನ್ನೂ ಹಾಗೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ನಮ್ಮ ಶಾಲೆಯ ವಾರ್ಷಿಕ ಪರೀಕ್ಷೆ ಮುಗಿಯುತ್ತಲೇ ಪ್ರತಿ ವರ್ಷ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು. ನಮ್ಮ ಮಕ್ಕಳು ಅರ್ಧ ಬರೆದು ಬಿಟ್ಟ ನೋಟುಪುಸ್ತಕಗಳು ಅವರಿಗೆ ಬೇಕು. ಬರೆಯದ ಹಾಳೆಗಳನ್ನು ಬಿಡಿಸಿಕೊಂಡು, ದಬ್ಬಣದಿಂದ ಹೊಲಿದು, ತಮ್ಮ ಶಾಲೆಯ ಮಕ್ಕಳಿಗೆ ಹೊಸ ಪುಸ್ತಕ ಮಾಡಿ ಕೊಡುತ್ತಿದ್ದರು. ಬಿಳಿ ಧೋತಿ, ತಲೆಗೆ ಸುತ್ತಿದ ಸಾಫಾ, ಜೇಬಿನಲ್ಲಿ ಒಂದು ಕೆಂಪು ಒಂದು ನೀಲಿ ಪೆನ್ನು. ಚಹಾ ಕೊಟ್ಟರೆ ಕುಡಿಯುತ್ತಿದ್ದರು. ಕುಡಿದು, ‘ಬೆಹನ್‌ಜೀ, ಗಣಿತದ ಹಳೆಯ ಪಠ್ಯ ಇದ್ದರೆ ಇನ್ನೊಂದು ಕೊಡಿ’ ಎನ್ನುತ್ತಿದ್ದರು.

ಅವರ ಊರು ಕವಾಸ್ ಕಡೆ. ಬಾರ್ಮೇರಿನಿಂದ ಜೋಧಪುರಕ್ಕೆ ಹೋಗುವ ರೈಲು ಹಾದಿಯಲ್ಲಿ ಉತ್ತರಲಾಯಿ ದಾಟಿದರೆ ಕವಾಸ್. ಸುತ್ತ ಎತ್ತರ, ನಡುವೆ ತಗ್ಗು. ಆ ನೆಲದ ಮರಳಿನ ಕೆಳಗೆ ಜಿಪ್ಸಮ್ಮಿನ ಪದರ ಇದೆ, ಅದನ್ನು ಅಗೆದು ಲಾರಿಗಳಲ್ಲಿ ಸಾಗಿಸುತ್ತಾರೆ. ಮರಳು ಎಷ್ಟು ನೀರನ್ನಾದರೂ ಕುಡಿದುಬಿಡುತ್ತದೆ ಎಂದು ನಾವು ತಿಳಿದಿರುತ್ತೇವೆ. ಅಲ್ಲಿ ಜಿಪ್ಸಂ ನೀರನ್ನು ಕೆಳಗೆ ಬಿಡಲಿಲ್ಲ. ದಶಕಗಳಿಂದ ಒಣಗಿ ಬಿದ್ದಿದ್ದ ರೋಹಿಲಿ ಎಂಬ ಹಳ್ಳದ ಹಾದಿಯಲ್ಲಿ ನೀರು ನುಗ್ಗಿ ಬಂತು. ಆ ಹಾದಿ ಹಳ್ಳದ್ದು ಎಂಬುದೇ ಮರೆತು ಜನ ಅಲ್ಲಿ ಮನೆ ಕಟ್ಟಿಕೊಂಡಿದ್ದರು, ಸಜ್ಜೆ ಬಿತ್ತಿದ್ದರು. ಬಂದ ನೀರು ತಗ್ಗಿನಲ್ಲಿ ನಿಂತಿತು, ತಿಂಗಳುಗಟ್ಟಲೆ ನಿಂತಿತು. ಜಿಲ್ಲೆಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತ ದನಕರುಗಳ ಲೆಕ್ಕ ಸಾವಿರಗಳಲ್ಲಿ. ಈಜು ಎಂದರೇನೆಂದು ಗೊತ್ತಿಲ್ಲದ ಜನ. ಕುತ್ತಿಗೆಮಟ್ಟ ನೀರನ್ನು ಜೀವಮಾನದಲ್ಲಿ ನೋಡಿರದವರು.

ಮಳೆ ನಿಂತ ಮೇಲೆ ನಮ್ಮ ಶಾಲೆಯ ಶಿಕ್ಷಕರ ಮನೆಗಳಲ್ಲಿ ರೊಟ್ಟಿ ಬೇಯಿಸಿ, ಬೆಲ್ಲ, ಹುರಿಗಡಲೆ, ಕುಡಿಯುವ ನೀರಿನ ಕ್ಯಾನುಗಳನ್ನು ಲಾರಿಗೆ ಹಾಕಿಕೊಂಡು ಹೊರಟೆವು. ರಸ್ತೆ ಇದ್ದಷ್ಟು ದೂರ ಲಾರಿ, ಮುಂದೆ ನಡಿಗೆ, ಅದರಾಚೆ ನೀರು. ನೀರಿನೊಳಗಿಂದ ಖೇಜಡಿ ಮರಗಳ ತಲೆಗಳಷ್ಟೇ ಕಾಣುತ್ತಿದ್ದವು. ಖೇಜಡಿ ಎಂದರೆ ನಮ್ಮ ಬನ್ನಿ ಮರ, ದಸರೆಗೆ ನಾವು ಪೂಜಿಸುವುದು. ಅಲ್ಲಿ ಅದರ ಕಾಯಿಯಿಂದ ಪಲ್ಯ, ಸೊಪ್ಪಿನಿಂದ ಆಡಿಗೆ ಮೇವು, ಅದರ ನೆರಳೇ ಊರಿನ ಕಟ್ಟೆ. ವಿದ್ಯುತ್ ಕಂಬಗಳು ಅರ್ಧ ಮುಳುಗಿದ್ದವು. ಮೇಲೆ ವಾಯುಪಡೆಯ ಹೆಲಿಕಾಪ್ಟರ್ ಸುತ್ತುತ್ತಿತ್ತು, ಕೆಳಗೆ ಸೇನೆಯವರು ರಬ್ಬರ್ ದೋಣಿ ಇಳಿಸಿದ್ದರು. ಸತ್ತ ಆಡುಗಳ ವಾಸನೆ ಇಷ್ಟು ವರ್ಷದ ಮೇಲೂ ಒಮ್ಮೊಮ್ಮೆ ಮೂಗಿಗೆ ಬಡಿಯುತ್ತದೆ.

ಒಂದು ದೊಡ್ಡ ಮರಳುದಿಬ್ಬದ ಮೇಲೆ ಇನ್ನೂರು ಮುನ್ನೂರು ಜನ ಕೂತಿದ್ದರು. ಸೇನೆಯ ಒಬ್ಬ ಸುಬೇದಾರರು ಅವರ ನಡುವೆ ನಿಂತು ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳುತ್ತಿದ್ದರು: ಇನ್ನು ಯಾರು ಯಾರು ಎಲ್ಲಿ ಸಿಕ್ಕಿಕೊಂಡಿದ್ದಾರೆ, ದೋಣಿ ಯಾವ ಕಡೆ ಹೋಗಬೇಕು? ಹತ್ತು ಜನ ಹತ್ತು ದಿಕ್ಕಿಗೆ ಕೈ ತೋರಿಸುತ್ತಿದ್ದರು. ಅದು ಅವರ ತಪ್ಪಲ್ಲ. ಥಾರ್ ಸೀಮೆಯ ಹಳ್ಳಿಗಳು ನಮ್ಮ ಹಳ್ಳಿಗಳ ಹಾಗೆ ಒತ್ತೊತ್ತಾಗಿ ಇರುವುದಿಲ್ಲ. ಧಾಣಿಗಳು ಇರುತ್ತವೆ. ಒಬ್ಬೊಬ್ಬರು ತಮ್ಮ ಹೊಲದಲ್ಲೇ ಎರಡು ಮೂರು ಗುಡಿಸಲು ಹಾಕಿಕೊಂಡು, ಮಳೆನೀರು ಹಿಡಿಯಲು ನೆಲದಲ್ಲಿ ಒಂದು ಟಾಂಕಾ ತೋಡಿಕೊಂಡು, ಮುಳ್ಳಿನ ಬೇಲಿ ಕಟ್ಟಿಕೊಂಡು ಬದುಕುತ್ತಾರೆ. ಒಂದು ಧಾಣಿಯಿಂದ ಇನ್ನೊಂದಕ್ಕೆ ಅರ್ಧ ಕಿಲೋಮೀಟರ್, ಕೆಲವೊಮ್ಮೆ ಎರಡು. ಒಂದು ಊರಿನ ಹೆಸರಿನಡಿ ಇಂಥ ಮೂವತ್ತು ನಲವತ್ತು ಧಾಣಿಗಳು ಮೈಲುಗಟ್ಟಲೆ ಹರಡಿರುತ್ತವೆ. ಮನೆ ನಂಬರು ಇಲ್ಲ, ಓಣಿ ಇಲ್ಲ. ಪಟವಾರಿಯ ಕಾಗದದಲ್ಲಿ ಹೊಲ ಇರುತ್ತದೆ, ಮನುಷ್ಯರಿರುವುದಿಲ್ಲ. ಮತದಾರರ ಪಟ್ಟಿಯಲ್ಲಿ ಮಕ್ಕಳಿರುವುದಿಲ್ಲ.

ಆಗ ಮಾಡ್‌ಸಾಬ್ ಎದ್ದು ಬಂದರು. ಕಂಕುಳಲ್ಲಿ ಯೂರಿಯಾ ಚೀಲದಲ್ಲಿ ಸುತ್ತಿದ ಗಂಟು. ಧೋತಿ ಸೊಂಟದವರೆಗೆ ಕೆಸರು, ಸಾಫಾ ಇರಲಿಲ್ಲ. ನನ್ನನ್ನು ನೋಡಿದರು, ಗುರುತು ಹಿಡಿದರು, ಮಾತಾಡಲಿಲ್ಲ. ಗಂಟು ಬಿಚ್ಚಿದರು. ಹಾಜರಿ ಪುಸ್ತಕ, ಶಾಲೆಗೆ ಸೇರಿದವರ ಹೆಸರೆಲ್ಲ ಇರುವ ದಪ್ಪನೆಯ ಎಸ್.ಆರ್. ರಿಜಿಸ್ಟರ್, ಮಡಿಸಿ ಮಡಿಸಿ ಗೆರೆ ಬಿದ್ದ ಒಂದು ದೊಡ್ಡ ಹಾಳೆ. ನೀರು ಶಾಲೆಯ ಕಟ್ಟೆಗೆ ಮುಟ್ಟಿದ ಸಂಜೆ ಅವರು ಒಳಗೆ ಹೋಗಿ ಕಬ್ಬಿಣದ ಟ್ರಂಕಿನಿಂದ ಇಷ್ಟನ್ನು ಎತ್ತಿಕೊಂಡಿದ್ದರಂತೆ. ಅವರ ಮನೆಯ ಧಾನ್ಯದ ಕೋಠಿ ಅದೇ ರಾತ್ರಿ ಕೊಚ್ಚಿಹೋಯಿತು.

ಅವರು ದಿಬ್ಬದ ನೆತ್ತಿಗೆ ಹೋಗಿ ನಿಂತು ಒಂದನೇ ತರಗತಿಯಿಂದ ಹಾಜರಿ ಕೂಗಲು ಶುರು ಮಾಡಿದರು.

ಏನು ನಡೆಯುತ್ತಿದೆ ಎಂಬುದು ಯಾರಿಗೂ ತಕ್ಷಣ ಹೊಳೆಯಲಿಲ್ಲ. ಒಂದು ಹೆಸರು, ಸುಮ್ಮನೆ ಒಂದು ಕ್ಷಣ, ಮತ್ತೆ ಅದೇ ಹೆಸರು. ಆಮೇಲೆ ಜನರ ನಡುವಿನಿಂದ ಒಂದು ಸಣ್ಣ ದನಿ ‘ಉಪಸ್ಥಿತ್ ಶ್ರೀಮಾನ್’ ಎಂದಿತು. ಶಾಲೆಯಲ್ಲಿ ಕಲಿಸಿದಂತೆ ಆ ಹುಡುಗ ಎದ್ದು ನಿಂತೇ ಹೇಳಿದ. ಆಮೇಲೆ ಒಂದರ ಹಿಂದೆ ಒಂದು. ಎರಡು ದಿನದಿಂದ ಹೊಟ್ಟೆಗಿಲ್ಲದೆ ಸುಸ್ತಾಗಿ ಕೂತಿದ್ದ ಮಕ್ಕಳು ತಮ್ಮ ಹೆಸರು ಬರುವುದನ್ನು ಕಾಯತೊಡಗಿದವು. ಮಗು ಉತ್ತರಿಸದ ಕಡೆ ತಾಯಿಯೋ ಚಿಕ್ಕಪ್ಪನೋ ಹೇಳುತ್ತಿದ್ದರು: ಅವಳು ಅಜ್ಜಿ ಮನೆಗೆ ಬಾಯತುಗೆ ಹೋಗಿದ್ದಾಳೆ, ಅವನು ಆಚೆ ದಿಬ್ಬದ ಮೇಲೆ ಇದ್ದಾನೆ, ನಾವು ಕಣ್ಣಾರೆ ನೋಡಿದ್ದೇವೆ. ಮಾಡ್‌ಸಾಬ್ ಇಲ್ಲಿ ಇದ್ದವರಿಗೆ ಒಂದು ಗುರುತು, ಬೇರೆ ಕಡೆ ಕ್ಷೇಮವಾಗಿದ್ದವರಿಗೆ ಒಂದು ಗುರುತು ಹಾಕುತ್ತ ಹೋದರು. ಯಾರೂ ಏನೂ ಹೇಳದ ಹೆಸರಿನ ಮುಂದೆ ಜಾಗ ಖಾಲಿ ಬಿಟ್ಟರು.

ಅರವತ್ತರ ಆಸುಪಾಸು ಮಕ್ಕಳ ಪಟ್ಟಿಯಲ್ಲಿ ಎಂಟು ಹೆಸರುಗಳಿಗೆ ಉತ್ತರ ಬರಲಿಲ್ಲ. ಆ ಎಂಟೂ ಮೂರು ಧಾಣಿಗಳವು.

ಆಮೇಲೆ ಅವರು ಆ ದೊಡ್ಡ ಹಾಳೆಯನ್ನು ಮರಳಿನ ಮೇಲೆ ಹರವಿದರು. ಅದು ನಜರೀ ನಕ್ಷೆ. ಅಳತೆ ಇಲ್ಲ, ಕಣ್ಣಂದಾಜಿನಲ್ಲಿ ಕೈಯಿಂದ ಬರೆದದ್ದು. ಅದಕ್ಕೂ ಹಿಂದಿನ ವರ್ಷಗಳಲ್ಲಿ ರಾಜಸ್ಥಾನದಲ್ಲಿ ಶಾಲೆಗಳಿಗಾಗಿ ನಡೆದ ಕೆಲಸಗಳಲ್ಲಿ, ಅದರಲ್ಲೂ 1992ರಲ್ಲಿ ಶುರುವಾದ ಲೋಕ ಜುಂಬಿಷ್ ಯೋಜನೆಯಲ್ಲಿ, ಊರಿನವರನ್ನೇ ಕೂರಿಸಿಕೊಂಡು ಪ್ರತಿ ಮನೆಯನ್ನೂ ಆ ಮನೆಯ ಮಕ್ಕಳನ್ನೂ ಇಂಥ ನಕ್ಷೆಯಲ್ಲಿ ಗುರುತಿಸುವ ಪದ್ಧತಿ ಬೆಳೆಯಿತು. ಯಾವ ಮಗು ಶಾಲೆಗೆ ಬರುತ್ತದೆ, ಯಾವುದು ಆಡು ಕಾಯುತ್ತದೆ ಎಂಬುದು ಹಾಳೆಯ ಮೇಲೆ ಎಲ್ಲರ ಕಣ್ಣಿಗೆ ಬೀಳಲಿ ಎಂಬುದು ಅದರ ಉದ್ದೇಶ. ಮಾಡ್‌ಸಾಬ್ ವರ್ಷ ವರ್ಷ ತಿದ್ದಿ ಅದನ್ನು ಬಳಕೆಯಲ್ಲಿ ಇಟ್ಟುಕೊಂಡಿದ್ದರು. ಯಾವ ಧಾಣಿಯಲ್ಲಿ ಇಟ್ಟಿಗೆಯ ಕೋಣೆ ಇದೆ, ಯಾವುದು ಬರೀ ಹುಲ್ಲಿನ ಗುಡಿಸಲು, ಟಾಂಕಾ ಎಲ್ಲಿದೆ, ದಿಬ್ಬ ಯಾವ ಕಡೆ, ಎಲ್ಲ ಅದರಲ್ಲಿತ್ತು. ಸುಬೇದಾರರು ಮೊಣಕಾಲೂರಿ ಕೂತು ನೋಡಿದರು. ‘ಇದರದ್ದು ಒಂದು ಪ್ರತಿ ಬೇಕು, ಬೇಗ’ ಎಂದರು. ಮಾಡ್‌ಸಾಬ್ ನನ್ನ ಕಡೆ ತಿರುಗಿ ಕೆಂಪು ಪೆನ್ನು ಕೊಟ್ಟರು. ನೀಲಿಯದು ನೀರಿಗೆ ಹೋಗಿತ್ತು. ರೊಟ್ಟಿ ಕಟ್ಟಿಕೊಂಡು ಬಂದಿದ್ದ ಕಾಗದದ ಹಿಂಬದಿಯಲ್ಲಿ ನಾನು ಆ ಮೂರು ಧಾಣಿಗಳನ್ನೂ ಎಂಟು ಹೆಸರುಗಳನ್ನೂ, ಆ ಮನೆಗಳಲ್ಲಿ ಇನ್ನು ಯಾರಿದ್ದಾರೆ ಎಂದು ಅವರು ಹೇಳಿದ್ದನ್ನೂ ಬರೆದುಕೊಟ್ಟೆ. ಒಂದರಲ್ಲಿ ಬಾಣಂತಿ, ಇನ್ನೊಂದರಲ್ಲಿ ಕಣ್ಣು ಕಾಣದ ಮುದುಕಿ. ಇದನ್ನೆಲ್ಲ ಅವರು ಪುಸ್ತಕ ನೋಡದೆ ಹೇಳಿದರು.

ದೋಣಿ ಎರಡು ಸಲ ಹೋಗಿ ಬಂತು. ಒಂದು ಇಟ್ಟಿಗೆ ಕೋಣೆಯ ಮಾಳಿಗೆ ಮೇಲೆ, ಒಂದು ಸಣ್ಣ ಎತ್ತರದ ಮೇಲೆ ಏಳು ಮಕ್ಕಳು ತಮ್ಮ ಮನೆಯವರೊಂದಿಗೆ ಸಿಕ್ಕರು. ಕಣ್ಣು ಕಾಣದ ಮುದುಕಿಯನ್ನು ಇಬ್ಬರು ಸೈನಿಕರು ಎತ್ತಿ ತಂದರು. ಆಡುಗಳನ್ನು ಹಿಂದಕ್ಕೆ ಹೊಡೆದುಕೊಂಡು ಬರಲು ಹೋಗಿದ್ದ ಮೂರನೇ ತರಗತಿಯ ಹುಡುಗನೊಬ್ಬ ಸಿಗಲಿಲ್ಲ. ಅವನು ಸಿಕ್ಕಿದ್ದು ಕೆಲವು ದಿನಗಳ ಮೇಲೆ.

ರಿಜಿಸ್ಟರಿನಿಂದ ಒಂದು ಹೆಸರು ತೆಗೆಯುವಾಗ ಕೆಂಪು ಶಾಯಿಯಲ್ಲಿ ‘ನಾಮ ಪೃಥಕ್’ ಎಂದು ಬರೆದು ಪಕ್ಕದಲ್ಲಿ ಕಾರಣ ಕಾಣಿಸಬೇಕು. ಬೇರೆ ಊರಿಗೆ ಹೋದವರು, ಬಹಳ ದಿನ ಬಾರದೆ ಇದ್ದವರು, ಎಲ್ಲರಿಗೂ ಒಂದೇ ಕಾಲಮ್ಮು. ಆ ಹುಡುಗನ ಹೆಸರಿನ ಮುಂದೆ ಅವರು ಕಾರಣ ಬರೆದದ್ದು ನೀರು ಇಳಿದು ಶಾಲೆ ಮತ್ತೆ ತೆರೆದ ಮೇಲೆ, ಅವನ ಅಪ್ಪನನ್ನು ಕರೆಸಿ, ಎದುರಿಗೆ ಕೂರಿಸಿಕೊಂಡು. ಅಪ್ಪನಿಗೆ ಓದಲು ಬರುವುದಿಲ್ಲ. ಆದರೂ ಏನು ಬರೆದಿದ್ದೇನೆ ಎಂದು ಓದಿ ಹೇಳಿದೆ ಎಂದರು.

ಇದನ್ನು ಅವರು ನನಗೆ ಹೇಳಿದ್ದು ಮುಂದಿನ ಜನವರಿಯಲ್ಲಿ. ನಾವು ಕಂಬಳಿ ಹಂಚಲು ಹೋಗಿದ್ದೆವು. ಮರುಭೂಮಿಯ ಚಳಿ ಕಂಡವರಿಗೇ ಗೊತ್ತು. ಹಗಲು ಬಿಸಿಲು ಹಿತವಾಗಿರುತ್ತದೆ, ಸೂರ್ಯ ಮುಳುಗಿದ ಕೂಡಲೇ ಮರಳು ತಣ್ಣಗಾಗಿ ಅಂಗಾಲು ಕೊರೆಯುತ್ತದೆ. ಅವರ ಧಾಣಿಯ ಅಂಗಳದಲ್ಲಿ ನೆರೆಗೆ ಬಿದ್ದ ಮರದ ಕೊಂಬೆಗಳಿಂದ ಬೆಂಕಿ ಹಾಕಿದ್ದರು. ದಪ್ಪನೆಯ ಸಜ್ಜೆ ರೊಟ್ಟಿ, ಬೆಳ್ಳುಳ್ಳಿ ಚಟ್ನಿ, ಮಜ್ಜಿಗೆಯಲ್ಲಿ ಕಾಸಿದ ರಾಬಡಿ. ಆ ಊಟ ನಮ್ಮ ಮನೆಯದೇ ಅನ್ನಿಸಿತು. ಬೆಂಕಿಯ ಸುತ್ತ ಅವರ ಹೆಂಡತಿ, ಮಕ್ಕಳು, ಶಾಲೆಗೆ ಹೊಸದಾಗಿ ಬಂದಿದ್ದ ಒಬ್ಬ ತರುಣ ಶಿಕ್ಷಕ.

ಮಾಡ್‌ಸಾಬ್ ಕೆಲಸಕ್ಕೆ ಸೇರುವಾಗ ಓದಿದ್ದು ಎಂಟನೇ ತರಗತಿ. ಅವರು ಹುಡುಗನಾಗಿದ್ದಾಗ ಊರಲ್ಲಿ ಸರಕಾರಿ ಶಾಲೆ ಕಾಗದದ ಮೇಲೆ ಇತ್ತು, ನೇಮಕವಾದ ಶಿಕ್ಷಕರು ದೂರದ ಜಿಲ್ಲೆಯವರು, ಬರುತ್ತಿದ್ದುದು ಅಪರೂಪ. ಇಂಥ ಶಾಲೆಗಳಿಗಾಗಿಯೇ 1987ರಲ್ಲಿ ರಾಜಸ್ಥಾನ ಸರಕಾರ ಸ್ವೀಡನ್ನಿನ ನೆರವಿನಿಂದ ಶಿಕ್ಷಾಕರ್ಮಿ ಯೋಜನೆ ತಂದಿತು. ಶಿಕ್ಷಕರು ನಿಲ್ಲದ ಊರುಗಳಲ್ಲಿ ಅದೇ ಊರಿನ ಹುಡುಗರನ್ನು, ಸಾಧ್ಯವಾದರೆ ಹುಡುಗಿಯರನ್ನು ಆರಿಸಿ, ತರಬೇತಿ ಕೊಟ್ಟು ಶಾಲೆ ಅವರ ಕೈಗೆ ಒಪ್ಪಿಸುವುದು. ಗಂಡಸರಿಗೆ ಎಂಟನೇ ತರಗತಿ, ಹೆಂಗಸರಿಗೆ ಐದನೇ ತರಗತಿ ಆಗಿದ್ದರೆ ಸಾಕು. ಹೆಂಗಸರಿಗೆ ಅಷ್ಟನ್ನೂ ಸಡಿಲಿಸಬೇಕಾಗಿತ್ತು. ಏಕೆಂದರೆ 1991ರ ಜನಗಣತಿಯಲ್ಲಿ ಬಾರ್ಮೇರ್ ಜಿಲ್ಲೆಯ ಹೆಂಗಸರಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಎಂಟು ಜನವೂ ಇರಲಿಲ್ಲ.

ಎಂಟನೇ ತರಗತಿ ಓದಿದವನು ಏನು ಪಾಠ ಮಾಡುತ್ತಾನೆ ಎಂದು ಮೂಗು ಮುರಿದವರು ಬಹಳ. ಹಾಗೆ ಆಯ್ಕೆಯಾದ ಮಾಡ್‌ಸಾಬರ ತರಬೇತಿಯ ಮೊದಲ ದಿನಗಳು ತಮ್ಮದೇ ಭಿನ್ನರಾಶಿ ಸರಿ ಮಾಡಿಕೊಳ್ಳುವುದರಲ್ಲಿ ಹೋದವಂತೆ. ಆಮೇಲೆ ಪ್ರತಿ ವರ್ಷ ತರಬೇತಿ, ತಿಂಗಳಿಗೊಮ್ಮೆ ಸುತ್ತಲಿನ ಶಿಕ್ಷಾಕರ್ಮಿಗಳೆಲ್ಲ ಕೂಡುವ ಸಭೆ. ಹಗಲು ಶಾಲೆ, ರಾತ್ರಿ ಪ್ರಹರ ಪಾಠಶಾಲೆ. ಹಗಲೆಲ್ಲ ಆಡು ಕಾಯುವ, ನೀರು ಹೊರುವ, ತಮ್ಮ ತಂಗಿಯರನ್ನು ಎತ್ತಿಕೊಂಡು ಓಡಾಡುವ ಮಕ್ಕಳಿಗಾಗಿ ಲಾಟೀನಿನ ಬೆಳಕಿನಲ್ಲಿ ನಡೆಸುವ ಶಾಲೆ ಅದು. ಹೆಣ್ಣುಮಕ್ಕಳನ್ನು ಧಾಣಿಯಿಂದ ಶಾಲೆಗೆ ಕರೆತಂದು ವಾಪಸು ಬಿಡಲು ಮಹಿಳಾ ಸಹಯೋಗಿ ಎಂದು ಊರಿನ ಒಬ್ಬ ಹೆಂಗಸನ್ನು ಇಟ್ಟುಕೊಳ್ಳುತ್ತಿದ್ದರು. ಮಾಡ್‌ಸಾಬರ ಹೆಂಡತಿ ಆ ಕೆಲಸ ಮಾಡಿದವರು. ಮಧ್ಯೆ ಮಧ್ಯೆ ಗಂಡನ ಮಾತನ್ನು ತಿದ್ದುತ್ತಿದ್ದವರೂ ಅವರೇ: ‘ಮೊದಲ ವರ್ಷ ನಾಲ್ಕು ಹುಡುಗಿಯರಲ್ಲ, ಮೂರು. ನಾಲ್ಕನೆಯವಳ ಅಪ್ಪ ಒಪ್ಪಿದ್ದು ನಾನು ಅವನ ಅಂಗಳದಲ್ಲಿ ಅರ್ಧ ದಿನ ಕೂತ ಮೇಲೆ.’

ಬರಗಾಲ ಬಿದ್ದ ವರ್ಷ ಧಾಣಿಗೆ ಧಾಣಿಯೇ ದನ ಹೊಡೆದುಕೊಂಡು ಗುಜರಾತಿನ ಕಡೆ ಹೊರಟುಬಿಡುತ್ತದೆ. ಜತೆಗೆ ಮಕ್ಕಳೂ. ಮಳೆ ಬಿದ್ದ ಸುದ್ದಿ ಕೇಳಿ ಅವರು ತಿರುಗಿ ಬಂದಾಗ ಮಗು ಓದನ್ನು ಮರೆತಿರುತ್ತದೆ, ಮತ್ತೆ ಅ ಆ ಇ ಈ. ಒಂದೇ ಮಗುವಿಗೆ ಎರಡನೇ ತರಗತಿಯನ್ನು ಮೂರು ಸಲ ಕಲಿಸಿದ್ದುಂಟು ಎಂದರು. ಅದನ್ನು ಬೇಸರದಿಂದ ಹೇಳಲಿಲ್ಲ. ಯಾರ ಮನೆಯವರು ಯಾವಾಗ ಹೋದರು, ಯಾವಾಗ ಬಂದರು ಎಂಬುದನ್ನು ಬರೆದಿಟ್ಟುಕೊಳ್ಳುವ ರೂಢಿ ಆಗಿನಿಂದಲೇ ಬಂದದ್ದಂತೆ.

ಬೆಂಕಿಯ ಆಚೆ ಕೂತಿದ್ದ ತರುಣ ಶಿಕ್ಷಕನ ಊರು ಭರತಪುರದ ಕಡೆ, ರಾಜ್ಯದ ಇನ್ನೊಂದು ತುದಿ. ಊರಿಗೆ ಹೋಗಲು ಬಸ್ಸು, ರೈಲು, ಮತ್ತೆ ಬಸ್ಸು. ನೆರೆ ಬಂದಾಗ ಅವನನ್ನು ಮತದಾರರ ಪಟ್ಟಿಯ ಕೆಲಸಕ್ಕೆ ಬೇರೆ ಕಡೆ ಕರೆಸಿಕೊಂಡಿದ್ದರು. ಶಾಲೆಯ ಕೋಣೆಯಲ್ಲೇ ವಾಸ. ಬೇಸಿಗೆಯಲ್ಲಿ 48 ಡಿಗ್ರಿ, ಧೂಳುಗಾಳಿ ಎದ್ದರೆ ತಟ್ಟೆಯ ಅನ್ನದಲ್ಲಿ ಮರಳು. ಅಲ್ಲಿಯ ಮಾರವಾಡಿ ಅವನಿಗೆ ಅರ್ಥವಾಗುವುದಿಲ್ಲ, ಅವನ ಬ್ರಜ್ ಕಡೆಯ ಹಿಂದಿ ಮಕ್ಕಳಿಗೆ ತಿಳಿಯುವುದಿಲ್ಲ. ಅವನ ಚೀಲದಲ್ಲಿ ವರ್ಗಾವಣೆಯ ಅರ್ಜಿಯ ಪ್ರತಿಗಳ ಕಂತೆಯೇ ಇತ್ತು. ಮರುಭೂಮಿಯ ಜಿಲ್ಲೆಗಳಲ್ಲಿ ನೇಮಕವಾದ ಸಾವಿರಾರು ಶಿಕ್ಷಕರ ಬದುಕು ಹೀಗೇ. ಮೊದಲ ಹುದ್ದೆ ಇಲ್ಲಿ, ಮನಸ್ಸು ಊರಿನಲ್ಲಿ, ಮದುವೆ, ತಾಯಿಯ ಕಾಯಿಲೆ, ಮಗುವಿನ ಹುಟ್ಟು ಎಲ್ಲವೂ ರಜೆಯ ಲೆಕ್ಕದಲ್ಲಿ. ಅವರನ್ನು ದೂರುವ ಮನಸ್ಸು ನನಗಿಲ್ಲ. ನಾನೂ ದೂರದಿಂದ ಬಂದವಳು. ನನಗೆ ಕೇಂದ್ರ ಸರಕಾರದ ಸಂಬಳವಿತ್ತು, ಕಷ್ಟದ ಜಾಗದಲ್ಲಿ ಇಷ್ಟು ವರ್ಷ ಕಳೆದರೆ ಬೇಕಾದ ಊರು ಕೇಳಬಹುದು ಎಂಬ ನಿಯಮವಿತ್ತು. ಆ ಹುಡುಗನಿಗೆ ಅದೂ ಇರಲಿಲ್ಲ.

ಆದರೆ ನನ್ನ ಅನ್ನಿಸಿಕೆಯನ್ನು ಹೇಳಿಯೇ ಬಿಡುತ್ತೇನೆ. ಶಿಕ್ಷಾಕರ್ಮಿ ಯೋಜನೆ ಒಂದು ವಿಷಯವನ್ನು ಸರಿಯಾಗಿ ಹಿಡಿದಿತ್ತು: ಧಾಣಿಗಳ ನಾಡಿನಲ್ಲಿ ಶಾಲೆ ನಡೆಯಬೇಕಾದರೆ ಅದನ್ನು ನಡೆಸುವವರಿಗೆ ಆ ಧಾಣಿಗಳ ಹಾದಿ ಕತ್ತಲೆಯಲ್ಲೂ ಗೊತ್ತಿರಬೇಕು. ಆದರೆ ಹಾಗೆ ಗೊತ್ತಿದ್ದವರಿಗೆ ಕೊಟ್ಟದ್ದು ಗೌರವಧನ. ಅದರಲ್ಲಿ ಗೌರವ ಎಷ್ಟಿತ್ತೋ, ಧನವಂತೂ ಬಹಳ ಕಡಿಮೆ. ಪಕ್ಕದ ಕೋಣೆಯಲ್ಲಿ ಅದೇ ಪಾಠ ಮಾಡುವ ಕಾಯಂ ಶಿಕ್ಷಕರ ಸಂಬಳದ ಒಂದು ಚೂರು. ಹೋಗಲು ಬೇರೆ ದಾರಿ ಇಲ್ಲದವರು ಹೇಗೂ ಇರುತ್ತಾರೆ ಎಂದು ಅವರ ನಿಲ್ಲುವಿಕೆಗೆ ಅಗ್ಗದ ಬೆಲೆ ಕಟ್ಟಿದ್ದು ಅನ್ಯಾಯ. ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆ ದಿಬ್ಬದ ಮೇಲೆ ಸುಬೇದಾರರ ಪ್ರಶ್ನೆಗೆ ಉತ್ತರ ಇದ್ದದ್ದು ಜಿಲ್ಲೆಯ ಯಾವ ದೊಡ್ಡ ಕಚೇರಿಯಲ್ಲೂ ಅಲ್ಲ, ಆ ಗೌರವಧನದ ಮಾಸ್ತರರ ಯೂರಿಯಾ ಚೀಲದಲ್ಲಿ.

ಮಾಡ್‌ಸಾಬ್ ರಾತ್ರಿ ಓದಿ ಹತ್ತನೇ ತರಗತಿ, ಹನ್ನೆರಡನೇ ತರಗತಿ, ಆಮೇಲೆ ಶಿಕ್ಷಕರ ತರಬೇತಿಯ ಪ್ರಮಾಣಪತ್ರ ಎಲ್ಲ ಮುಗಿಸಿದ್ದರು. ಹತ್ತನೆಯ ಪರೀಕ್ಷೆಗೆ ಕೂತಾಗ ಅವರದೇ ಶಾಲೆಯಲ್ಲಿ ಕಲಿತ ಹುಡುಗನೊಬ್ಬ ಅದೇ ಕೋಣೆಯಲ್ಲಿ ಮುಂದಿನ ಸಾಲಿನಲ್ಲಿದ್ದನಂತೆ. 2008ರಲ್ಲಿ ರಾಜ್ಯ ಸರಕಾರ ಪ್ರಬೋಧಕ ಎಂಬ ಹೊಸ ಹುದ್ದೆ ಮಾಡಿ ಇಂಥ ಯೋಜನೆಗಳಲ್ಲಿ ದುಡಿದವರನ್ನು ಕಾಯಂ ಮಾಡಿತು. ಆ ವರ್ಷ ಅವರು ನಮ್ಮ ಶಾಲೆಗೆ ಬಂದದ್ದು ಪೇಡೆಯ ಡಬ್ಬಿ ಹಿಡಿದು. ಹಳೆಯ ನೋಟುಪುಸ್ತಕಗಳನ್ನೂ ಮರೆಯದೆ ಒಯ್ದರು. ಸೇವೆಯ ಲೆಕ್ಕ ಮಾತ್ರ 2008ರಿಂದ. ಅದರ ಹಿಂದಿನ ಹತ್ತೊಂಬತ್ತು ವರ್ಷ ಪಿಂಚಣಿಯ ಲೆಕ್ಕಕ್ಕೆ ಬರಲಿಲ್ಲ. ಮಾಡ್‌ಸಾಬರಂಥವರು ಜಿಲ್ಲೆ ಜಿಲ್ಲೆಯಲ್ಲೂ ಇದ್ದಾರೆ, ಆ ವರ್ಷಗಳನ್ನು ಸೇರಿಸಿ ಎಂದು ಕೇಳುತ್ತಲೇ ಬಂದಿದ್ದಾರೆ.

ನಾನು ಬಾರ್ಮೇರ್ ಬಿಟ್ಟ ಮೇಲೂ ಫೋನು ನಿಂತಿಲ್ಲ. ದೀಪಾವಳಿಗೆ ಅವರು ಮಾಡುತ್ತಾರೆ, ಯುಗಾದಿಗೆ ನಾನು ಮಾಡುತ್ತೇನೆ. ಆ ಭರತಪುರದ ಹುಡುಗನಿಗೆ ಕೊನೆಗೂ ವರ್ಗ ಸಿಕ್ಕಿತು. ಹೋಗುವಾಗ ಮಾರವಾಡಿಯಲ್ಲೇ ಬೀಳ್ಕೊಡುಗೆಯ ಭಾಷಣ ಮಾಡಿದನಂತೆ. ಕವಾಸ್ ಸುತ್ತ ಈಗ ತೈಲದ ಬಾವಿಗಳು. ಮಂಗಳಾ ಎಂಬ ನಿಕ್ಷೇಪದಿಂದ 2009ರಲ್ಲಿ ಕಚ್ಚಾತೈಲ ಬರತೊಡಗಿದ ಮೇಲೆ ನೆಲದ ಬೆಲೆ ಏರಿತು, ರಸ್ತೆಗಳಾದವು, ಧಾಣಿಗಳು ಜಾಗ ಬದಲಿಸಿದವು. ಹಳೆಯ ನಕ್ಷೆ ಇನ್ನು ನಡೆಯುವುದಿಲ್ಲ ಎಂದು ಹೊಸದು ಬರೆಯಲು ಕೂತಿದ್ದೇನೆ ಎಂದು ಈಚೆಗೆ ಹೇಳಿದರು. ಈ ಸಲ ಕೆಲಸಕ್ಕೆ ಐದನೇ ತರಗತಿಯ ಮಕ್ಕಳನ್ನೂ ಕೂರಿಸಿಕೊಂಡಿದ್ದಾರೆ. ‘ರೋಹಿಲಿಯ ಹಾದಿಯನ್ನು ನೀಲಿಯಲ್ಲಿ ಎಳೆಸಿದ್ದೇನೆ ಬೆಹನ್‌ಜೀ. ಅದೇ ಹಾದಿಯಲ್ಲಿ ಮತ್ತೆ ನಾಲ್ಕು ಮನೆ ಎದ್ದಿವೆ. ಕಟ್ಟಿಸಿದವರಲ್ಲಿ ಇಬ್ಬರು ನನ್ನ ಕೈಯಲ್ಲೇ ಓದಿದ ಹುಡುಗರು, ಅದರಲ್ಲೊಬ್ಬ ಆವತ್ತು ದಿಬ್ಬದ ಮೇಲೆ ಉಪಸ್ಥಿತ್ ಎಂದವನು. ಹೇಳಿದರೆ, ಇನ್ನು ನೂರು ವರ್ಷ ಅಂಥ ಮಳೆ ಬರುವುದಿಲ್ಲ ಅನ್ನುತ್ತಾನೆ. ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇನೆ. ಭಾನುವಾರ ಅವನ ಹೆಂಡತಿಯ ಹತ್ತಿರ ಮಾತಾಡಲು ನಮ್ಮವಳನ್ನು ಕಳಿಸುತ್ತೇನೆ.’